ಎರಡು ಕಿವಿ, ನಾಲ್ಕು ನೀರು

ರಿಚರ್ಡ್ಸ್ ಟೌನಿನ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ ಹಿಂದೆ ಯಾರೋ ದೊರೆ ಕುದುರೆ ಕಟ್ಟುತ್ತಿದ್ದನಂತೆ. ಈಗ ಆ ಕೋಣೆಯ ಬಾಗಿಲ ಮೇಲೆ ‘ವೆಸ್ಟಿಬ್ಯುಲರ್ ಲ್ಯಾಬೊರೇಟರಿ’ ಎಂದು ಹಿತ್ತಾಳೆಯ ಅಕ್ಷರಗಳಿವೆ. ಬಂದವರಲ್ಲಿ ಅರ್ಧ ಜನಕ್ಕೆ ಅದನ್ನು ಉಚ್ಚರಿಸಲು ಬರುವುದಿಲ್ಲ. ಉಳಿದರ್ಧ ಜನಕ್ಕೆ ತಲೆ ಸುತ್ತುತ್ತಿರುವುದರಿಂದ ಓದಲೇ ಆಗುವುದಿಲ್ಲ. ಹೀಗಾಗಿ ಎಲ್ಲರೂ ಅದನ್ನು ‘ಮುನಿರಾಜು ರೂಮು’ ಎನ್ನುತ್ತಾರೆ. ಈ ಹೆಸರು ಡಾಕ್ಟರ್ ಸುದರ್ಶನ್ ಅವರ ಕಿವಿಗೆ ಬೀಳಬಾರದು. ಕ್ಲಿನಿಕ್ ಅವರದು, ಹಿತ್ತಾಳೆಯೂ ಅವರದು.

ಮುನಿರಾಜು ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಕಿವಿಗೆ ನೀರು ಬಿಡುತ್ತಿದ್ದಾರೆ.

ಕಿವಿ ಇರುವುದು ಕೇಳುವುದಕ್ಕೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿಕೊಂಡಿದ್ದೇವೆ. ಅದು ಅರ್ಧ ಸತ್ಯ, ಮೈಯ ಸಮತೋಲವೂ ಅದರದೇ ಕೆಲಸ. ಒಳಗಿವಿಯಲ್ಲಿ ಮಗುವಿನ ಬಳೆಗಿಂತಲೂ ಸಣ್ಣದಾದ ಮೂರು ಕೊಳವೆಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ಅಲ್ಲಾಡಿದರೆ ದ್ರವ ಅಲ್ಲಾಡುತ್ತದೆ, ತಕ್ಷಣ ಕಣ್ಣಿಗೆ ಸುದ್ದಿ ಹೋಗುತ್ತದೆ, ಕಣ್ಣು ಅದಕ್ಕೆ ಸರಿಯಾಗಿ ಹೊರಳಿಕೊಳ್ಳುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಹಳೇ ಮದ್ರಾಸ್ ರೋಡಿನ ಗುಂಡಿಗಳಲ್ಲಿ ಹಾರುತ್ತ ಹೋಗುವ ಬಸ್ಸಿನೊಳಗಿಂದ ಒಂದು ಅಂಗಡಿಯ ಬೋರ್ಡನ್ನೂ ಯಾರೂ ಓದಲಾಗುತ್ತಿರಲಿಲ್ಲ.

ಆ ಕೊಳವೆ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ ಮುನಿರಾಜು ಮನುಷ್ಯನನ್ನು ಮಂಚದ ಮೇಲೆ ಒರಗಿಸುತ್ತಾರೆ. ಕಣ್ಣಿಗೆ ಕತ್ತಲೆ ಕವಿಯುವಂಥ ಒಂದು ದಪ್ಪ ಕನ್ನಡಕ ಹಾಕುತ್ತಾರೆ. ಅದರೊಳಗೆ ಕ್ಯಾಮೆರಾ ಇದೆ. ಆಮೇಲೆ ಒಂದೊಂದು ಕಿವಿಗೂ ಒಂದು ಸಲ ಬೆಚ್ಚಗಿನ ನೀರು, ಒಂದು ಸಲ ತಣ್ಣನೆಯ ನೀರು. ಒಟ್ಟು ನಾಲ್ಕು ನೀರು, ನಡುವೆ ಐದೈದು ನಿಮಿಷ ಬಿಡುವು. ನೀರಿನ ಬಿಸಿಗೋ ತಂಪಿಗೋ ಒಳಗಿನ ದ್ರವ ಕದಲುತ್ತದೆ. ಮಿದುಳು ಮೋಸ ಹೋಗಿ, ಮಲಗಿದವನನ್ನು ಯಾರೋ ತಿರುಗಣೆಗೆ ಹಾಕಿದ್ದಾರೆ ಎಂದುಕೊಳ್ಳುತ್ತದೆ. ಕಣ್ಣು ಪಟಪಟನೆ ಒಂದು ಪಕ್ಕಕ್ಕೆ ಓಡುತ್ತದೆ. ಎಷ್ಟು ವೇಗವಾಗಿ ಓಡಿತು ಎಂದು ಯಂತ್ರ ಬರೆದುಕೊಳ್ಳುತ್ತದೆ. ಓಡಿದರೆ ಕಿವಿ ಕೆಲಸ ಮಾಡುತ್ತಿದೆ, ಓಡದಿದ್ದರೆ ಇಲ್ಲ.

“ಸುಮ್ನೆ ಇರೋರ್ನ ತಿರುಗ್ಸೋದು, ಆಮೇಲೆ ಬೇಸಿನ್ ಹಿಡ್ಕೊಂಡು ನಿಂತ್ಕೊಳ್ಳೋದು. ಎರಡೇ ರೀ ನನ್ ಕೆಲ್ಸ” ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಆಗ ನನ್ನ ಕಿವಿಯಿಂದ ನೀರು ಸುರಿಯುತ್ತಿತ್ತು, ಬೇಸಿನ್ನಿನ ಅಗತ್ಯವೂ ಇತ್ತು. ನನ್ನ ವಿಷಯ ಅಲ್ಲಿಗೆ ಸಾಕು.

ಮುನಿರಾಜು ಕೆ.ಆರ್. ಪುರದ ಆಚೆ ಮೇಡಹಳ್ಳಿ ಕಡೆಯವರು. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮನೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ, ರೈಲ್ವೆ ಕ್ಯಾಲೆಂಡರ್, ಈ ಮೂರೇ ಗೋಡೆಯಲ್ಲಿರುತ್ತಿದ್ದವು. ಪಿಯುಸಿಯಲ್ಲಿ ಫಿಸಿಕ್ಸ್ ಕೈಕೊಟ್ಟ ಮೇಲೆ ಅವರು ಈ ಕ್ಲಿನಿಕ್ಕಿಗೆ ಫೈಲು ಎತ್ತುವ ಕೆಲಸಕ್ಕೆ ಸೇರಿದರು. ಆಗ ಡಾಕ್ಟರು ಹೊರದೇಶದಿಂದ ಈ ಯಂತ್ರ ತರಿಸಿದರು. ಕಲಿಸಿಕೊಡಲು ಒಬ್ಬ ಎಂಜಿನಿಯರ್ ಮೂರು ದಿನಕ್ಕೆಂದು ಬಂದ. ಡಾಕ್ಟರು ಮೊದಲ ಒಂದು ಗಂಟೆ ಕೂತು, “ಐ ಗೆಟ್ ದಿ ಪ್ರಿನ್ಸಿಪಲ್” ಎಂದು ಎದ್ದುಹೋದರು. ಎಂಜಿನಿಯರಿಗೆ ಕಾಫಿ ಕೊಡಬೇಕಾಗಿದ್ದರಿಂದ ಮುನಿರಾಜು ಮೂರು ದಿನವೂ ಅಲ್ಲೇ ಇದ್ದರು. ಪ್ರಿನ್ಸಿಪಲ್ ಡಾಕ್ಟರಿಗೆ ಸಿಕ್ಕಿತು, ಯಂತ್ರ ಮುನಿರಾಜುಗೆ ಸಿಕ್ಕಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕಿವಿಗೆ ನೀರು ಬಿಟ್ಟಾಗ ಮನಸ್ಸು ಎಚ್ಚರವಾಗಿರಬೇಕು. ಮಲಗಿದವನು ಆ ಕತ್ತಲಲ್ಲಿ ಸ್ವಲ್ಪ ತೂಕಡಿಸಿದರೂ, ಮನಸ್ಸು ಸುಮ್ಮನೆ ಒಂದು ಕಡೆ ನಿಂತರೂ ಮಿದುಳು ಕಣ್ಣನ್ನು ಹಿಡಿದಿಟ್ಟುಬಿಡುತ್ತದೆ. ಒಳ್ಳೆಯ ಕಿವಿಯೂ ಆಗ ಕೆಟ್ಟ ಕಿವಿಯಂತೆ ಕಾಣುತ್ತದೆ. ಅದಕ್ಕಾಗಿ ನೀರು ಬಿಟ್ಟಕೂಡಲೇ ಪರೀಕ್ಷೆ ಮಾಡುವವರು ಏನಾದರೂ ಪ್ರಶ್ನೆ ಕೇಳುತ್ತಲೇ ಇರಬೇಕು, ಮಲಗಿದವರು ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಲೇ ಇರಬೇಕು. ಬಾಯಿಪಾಠ ಬಂದದ್ದನ್ನು ಹೇಳಿಸುವ ಹಾಗಿಲ್ಲ. ಬಾಯಿಪಾಠ ನಾಲಿಗೆಯ ಕೆಲಸ, ಅದು ನಡೆಯುವಾಗ ಮನಸ್ಸು ರಜೆಯಲ್ಲಿರುತ್ತದೆ.

ಈ ನಿಯಮವನ್ನು ಮುನಿರಾಜು ಬಹಳ ಜನಕ್ಕೆ ಬೋಧಿಸಿದ್ದಾರೆ. ವಿಮಾ ಕಚೇರಿಯಿಂದ ನಿವೃತ್ತರಾದ ಶ್ರೀನಿವಾಸಮೂರ್ತಿ ಎನ್ನುವವರು ಒಮ್ಮೆ ಮಂಚದ ಮೇಲೆ ಒರಗಿ, “ನಾನು ಸಹಸ್ರನಾಮ ಹೇಳ್ತೀನಪ್ಪ, ನೀನು ನಿನ್ನ ಕೆಲಸ ಮಾಡ್ಕೋ” ಎಂದರು.

“ದೇವರನ್ನ ಆಮೇಲೆ ನೋಡೋಣ ಸಾರ್. ರಸೆಲ್ ಮಾರ್ಕೆಟಲ್ಲಿ ಸಿಗೋ ತರಕಾರಿ ಹೇಳಿ, ಹಸಿರು ಬಣ್ಣದ್ದು ಬಿಟ್ಟು.”

“ತರಕಾರಿ ತರೋದು ನಮ್ಮ ಮನೆಯವ್ರು.”

“ಹಾಗಾದ್ರೆ ಇನ್ನೂ ಒಳ್ಳೇದು. ಯೋಚ್ನೆ ಮಾಡ್ಬೇಕಾಗುತ್ತೆ.”

ಮೂರ್ತಿಗಳು ಬದನೆಕಾಯಿ, ಮೂಲಂಗಿ ಎರಡನ್ನು ಹೇಳಿ ನಿಂತರು. ಮೂರನೆಯದಕ್ಕೆ ಅವರು ಪಟ್ಟ ಪಾಡಿಗೆ ಕಣ್ಣು ಎಷ್ಟು ಚೆನ್ನಾಗಿ ಓಡಿತೆಂದರೆ ಆ ಗೆರೆಚಿತ್ರವನ್ನು ಡಾಕ್ಟರು ಫ್ರೇಮು ಹಾಕಿಸಿದ್ದಾರೆ.

ಇಂಥ ಪ್ರಶ್ನೆಗಳು ಮುನಿರಾಜು ಬಳಿ ಒಂದು ಮೂವತ್ತಿದ್ದವು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಬಸ್ ಸ್ಟಾಪುಗಳನ್ನು ಹಿಂದುಮುಂದಾಗಿ ಹೇಳಿ. ನಿಮ್ಮ ಮಗಳ ಮದುವೆಯಲ್ಲಿ ಮುನಿಸಿಕೊಂಡ ನೆಂಟರ ಹೆಸರು ಹೇಳಿ. ಕಾಕ್ಸ್ ಟೌನಿನ ಒಬ್ಬ ಬೇಕರಿ ಮಾಲೀಕರಿಗೆ ಈ ಎರಡನೆಯ ಪ್ರಶ್ನೆ ನಾಲ್ಕು ನೀರಿಗೂ ಸಾಲದೆ, ಎದ್ದು ಷರ್ಟಿನ ಗುಂಡಿ ಹಾಕಿಕೊಳ್ಳುವಾಗಲೂ ಮುಂದುವರಿದಿತ್ತು.

ಮೊದಮೊದಲು ಇದೆಲ್ಲ ಚೆನ್ನಾಗಿರುತ್ತದೆ. ದಿನಕ್ಕೆ ನಾಲ್ಕೈದು ಜನ, ಜನಕ್ಕೆ ನಾಲ್ಕು ನೀರು, ಹೀಗೆ ಇಪ್ಪತ್ತೆರಡು ವರ್ಷ ಬದನೆಕಾಯಿ ಕೇಳಿದವರಿಗೆ ಮನುಷ್ಯರ ಮಾತಿನ ಮೇಲೆ ಒಂದು ಬಗೆಯ ಸುಸ್ತು ಬಂದುಬಿಡುತ್ತದೆ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೆ ಮುನಿರಾಜು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿ ಮಂಜುಳಮ್ಮನವರದು ಒಂದೇ ದೂರು: “ಊರವ್ರ್ನೆಲ್ಲ ಕೆದಕಿ ಕೆದಕಿ ಕೇಳ್ತೀರಿ, ನನ್ನನ್ನ ಊಟ ಆಯ್ತಾ ಅಂತ್ಲೂ ಕೇಳಲ್ಲ.”

ಅಷ್ಟು ಸುಸ್ತಿನಲ್ಲೂ ಅವರಿಗೆ ಒಂದು ಹೆಮ್ಮೆಯಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಮಾಡಿದ ಒಂದು ರಿಪೋರ್ಟೂ ತಪ್ಪೆಂದು ವಾಪಸ್ ಬಂದಿರಲಿಲ್ಲ. ಇದನ್ನು ಹೇಳುವ ಮೊದಲು ಅವರು ಸಣ್ಣಗೆ ಕೆಮ್ಮುತ್ತಿದ್ದರು. ಗಾದಿಗೆ ಏರುವ ಮೊದಲು ರಾಜರು ಕೆಮ್ಮುತ್ತಿದ್ದರೋ ಇಲ್ಲವೋ ನನಗೆ ತಿಳಿಯದು, ಕೆಮ್ಮಿದ್ದರೆ ಹೀಗೇ ಇದ್ದಿರಬೇಕು.

ಕಳೆದ ಜೂನಿನಲ್ಲಿ ಸಂಜೀವಪ್ಪ ಬಂದರು.

ಗರುಡಾಚಾರ್‌ಪಾಳ್ಯದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸಂಜೀವಪ್ಪ ಕ್ರೇನ್ ನಡೆಸುತ್ತಾರೆ. ರಸ್ತೆಯಲ್ಲಿ ನಿಲ್ಲುವ ಕ್ರೇನ್ ಅಲ್ಲ. ಇದು ಶೆಡ್ಡಿನ ಸೂರಿಗೆ ಹತ್ತಿಕೊಂಡಂತೆ ಹಳಿಯ ಮೇಲೆ ಓಡಾಡುವಂಥದ್ದು. ಅದಕ್ಕೆ ನೇತುಹಾಕಿದ ಗಾಜಿನ ಕ್ಯಾಬಿನ್ನಿನಲ್ಲಿ, ನೆಲದಿಂದ ನಲವತ್ತಡಿ ಮೇಲೆ, ಅವರು ಹತ್ತೊಂಬತ್ತು ವರ್ಷದಿಂದ ಕೂತಿದ್ದರು. ವಯಸ್ಸು ಐವತ್ತಮೂರು. ಏಪ್ರಿಲ್‌ನ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮನೆ ಗರಗರನೆ ತಿರುಗಿತು. ಒಂದು ನಿಮಿಷ ಅಷ್ಟೆ. ಆ ವಾರ ಇನ್ನೆರಡು ಸಲ ಹಾಗೇ ಆಯಿತು. ಸುದರ್ಶನ್ ಡಾಕ್ಟರು ಅವರ ತಲೆಯನ್ನು ಹೀಗೆ ಹಾಗೆ ಹೊರಳಿಸಿ, ಒಳಗಿವಿಯಲ್ಲಿ ಜಾಗ ತಪ್ಪಿದ್ದ ಸಣ್ಣ ಹರಳುಗಳನ್ನು ಅವುಗಳ ಜಾಗಕ್ಕೆ ಸೇರಿಸಿದರು. ಹತ್ತು ನಿಮಿಷದ ಕೆಲಸ. ಅಲ್ಲಿಗೆ ಗುಣವಾಯಿತು.

ಸಂಜೀವಪ್ಪ ಮಾಡಿದ ತಪ್ಪೆಂದರೆ ಅದನ್ನು ಕಾರ್ಖಾನೆಯಲ್ಲಿ ಹೇಳಿದ್ದು. ಅಲ್ಲಿ ವಿಕ್ರಮ್ ಎಂಬ ಸೇಫ್ಟಿ ಆಫೀಸರ್ ಇದ್ದಾರೆ. ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತ್ ತಿನ್ನುವಾಗಲೂ ಹೆಲ್ಮೆಟ್ ತೆಗೆಯದ ಮನುಷ್ಯ. ಅವರು ಪೂರ್ತಿ ಬ್ಯಾಲೆನ್ಸ್ ರಿಪೋರ್ಟ್ ಬೇಕು ಎಂದರು. ರಿಪೋರ್ಟ್ ಬರುವವರೆಗೆ ಏಣಿ ಹತ್ತುವಂತಿಲ್ಲ, ಸ್ಟೋರಿನಲ್ಲಿ ಕೂತಿರಬೇಕು. ರಿಪೋರ್ಟ್ ಚೆನ್ನಾಗಿಲ್ಲದಿದ್ದರೆ ಮುಂದೆಂದೂ ಹತ್ತುವಂತಿಲ್ಲ, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬರುವ ಹೋಗುವ ಲಾರಿಗಳ ನಂಬರ್ ಬರೆಯಬೇಕು.

ಆ ದಿನ ಬೆಳಿಗ್ಗೆ ಮೂರು ಗಂಟೆ ಕರೆಂಟಿರಲಿಲ್ಲ. ಎಲ್ಲ ಪೇಷಂಟುಗಳೂ ಮಧ್ಯಾಹ್ನಕ್ಕೆ ಸರಿದು, ಸಂಜೀವಪ್ಪ ಐದನೆಯವರಾದರು. ಮುನಿರಾಜು ಮೊದಲು ನೀರಿಲ್ಲದ ಪರೀಕ್ಷೆ ಮಾಡಿದರು. ಅದಕ್ಕೊಂದು ಹಗುರವಾದ ಬೇರೆ ಕನ್ನಡಕ. ಗೋಡೆಯ ಮೇಲಿನ ಚುಕ್ಕೆಯನ್ನು ನೋಡುತ್ತ ಕೂರಬೇಕು. ಹಿಂದೆ ನಿಂತವರು ತಲೆಯನ್ನು ಹಿಡಿದು, ಹೇಳದೆ ಕೇಳದೆ, ಅಡ್ಡಕ್ಕೆ ಚಕ್ಕನೆ ಸ್ವಲ್ಪ ತಿರುಗಿಸುತ್ತಾರೆ. ಒಳಗಿವಿ ಚೆನ್ನಾಗಿದ್ದರೆ ತಲೆ ತಿರುಗಿದರೂ ಕಣ್ಣು ಚುಕ್ಕೆಯನ್ನು ಬಿಡುವುದಿಲ್ಲ. ಸಂಜೀವಪ್ಪನ ಕಣ್ಣು ಬಿಡಲಿಲ್ಲ.

“ಯಾವೂರು ನಿಮ್ದು?” ಎಂದರು ಮುನಿರಾಜು, ಕನ್ನಡಕ ಬದಲಿಸುತ್ತ.

“ಭಟ್ಟರಹಳ್ಳಿ ಸಾರ್.”

“ಓ, ನಮ್ ಪಕ್ಕದವ್ರೇ. ನಾನು ಮೇಡಹಳ್ಳಿ, ರೈಲ್ವೆ ಗ್ಯಾಂಗ್‌ಮನ್ ಮಗ.”

“ಹುಣ್ಣಿಮೆ ಬುದ್ಧವಂದನೆಗೆ ಬರೋದಿಲ್ವಲ್ಲ ನೀವು, ನಾನು ನೋಡೇ ಇಲ್ಲ. ನಮ್ಮ ಕಮ್ಯುನಿಟಿ ಹಾಲ್‌ನಲ್ಲಿ ಹೇಳ್ಸೋದು ನಾನೇ.”

“ನಮ್ಮಪ್ಪ ಬರ್ತಿದ್ರು. ನನಗೆ ಆಗಲ್ಲಪ್ಪ, ಸುಸ್ತು.”

ಸಂಜೀವಪ್ಪ ಒರಗಿದರು. ಕತ್ತಲೆ ಕನ್ನಡಕ ಬಿತ್ತು. ಬೆಚ್ಚಗಿನ ನೀರು ಬಲಗಿವಿಗೆ ಹೋಯಿತು. ಮುನಿರಾಜು ಪ್ರಶ್ನೆ ಕೇಳಲು ಬಾಯಿ ತೆರೆದರು. ಆ ಮಧ್ಯಾಹ್ನ ಆಗಲೇ ನಾಲ್ಕು ಜನ ಅವರಿಗೆ ರಸೆಲ್ ಮಾರ್ಕೆಟ್ಟನ್ನು ಹೊತ್ತು ತಂದು ಸುರಿದಿದ್ದರು. ಇನ್ನೊಂದು ಮೂಲಂಗಿಯನ್ನು ತಡೆಯುವ ಶಕ್ತಿ ಇರಲಿಲ್ಲ.

“ಏನಾದ್ರೂ ಹೇಳ್ತಿರಿ” ಎಂದುಬಿಟ್ಟರು.

“ಏನು ಹೇಳ್ಲಿ?”

“ನಿಮಗೆ ಬಂದಿದ್ದು.”

ಸಂಜೀವಪ್ಪನಿಗೆ ಬಂದದ್ದು ತ್ರಿಶರಣ. ಎಳೆದು, ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಬಾಗು ಕೊಟ್ಟು ಹೇಳುವ ಆ ಧಾಟಿ ಕೆ.ಆರ್. ಪುರದ ಆಚೆಯ ಆ ನಾಲ್ಕೈದು ಊರುಗಳದ್ದೇ. ಮುನಿರಾಜು ಅದನ್ನು ತಂದೆ ಹೋದ ಮೇಲೆ ಕೇಳಿರಲಿಲ್ಲ. ತಂದೆ ಹಳಿಯ ಕೆಲಸದಿಂದ ಬಂದು ಕಾಲು ತೊಳೆದುಕೊಂಡು ಹೀಗೇ ಹೇಳುತ್ತಿದ್ದರು. ತ್ರಿಶರಣ ಮುಗಿದು ಪಂಚಶೀಲ ಶುರುವಾಗುವ ಹೊತ್ತಿಗೆ ಮುನಿರಾಜು ತಾವೂ ದನಿಗೂಡಿಸಿದ್ದರು. ಒಂದು ಕೈಯಲ್ಲಿ ನೀರಿನ ಕೊಳವೆ, ಇನ್ನೊಂದು ಕೈಯಲ್ಲಿ ಗಡಿಯಾರ. ನಾಲ್ಕು ನೀರಿಗೂ ಹಾಗೇ ನಡೆಯಿತು. ಇಷ್ಟು ನೆಮ್ಮದಿಯಾಗಿ ಆ ಕೋಣೆಯಲ್ಲಿ ಅವರು ಎಂದೂ ಕೆಲಸ ಮಾಡಿರಲಿಲ್ಲ.

ಪರದೆಯ ಮೇಲೆ ಸಂಜೀವಪ್ಪನ ಎರಡು ಕಣ್ಣೂ ಭಾನುವಾರ ಮಧ್ಯಾಹ್ನದ ಸರ್ಕಾರಿ ಕಚೇರಿಯಂತೆ ನಿಶ್ಚಲವಾಗಿದ್ದವು. ಸೆಕೆಂಡಿಗೆ ಮೂರು ಡಿಗ್ರಿ, ಎರಡು, ನಾಲ್ಕು, ಮೂರು. ಇಪ್ಪತ್ತರ ಹತ್ತಿರ ಇರಬೇಕಾದ ಅಂಕಿಗಳು ಇವು. ಇಷ್ಟು ಕಡಿಮೆ ಬಂದಾಗ ಒಮ್ಮೆ ಐಸ್ ನೀರು ಬಿಟ್ಟು ನೋಡಬೇಕೆಂಬ ನಿಯಮವಿದೆ. ಫ್ರಿಜ್ಜಿನ ಐಸೆಲ್ಲ ಬೆಳಿಗ್ಗೆಯೇ ಕರಗಿತ್ತು. ಮುನಿರಾಜು ‘ಐಸ್ ಮಾಡಿಲ್ಲ’ ಎಂದು ಬರೆದರು.

ಸಂಜೀವಪ್ಪ ಎದ್ದು ಕೂತು ನಕ್ಕರು. “ಒಂಚೂರೂ ತಿರುಗಲಿಲ್ಲ ಸಾರ್. ಎಲ್ರೂ ಹೆದ್ರಿಸಿದ್ರು. ಒಳ್ಳೇದಲ್ವಾ?”

ಆ ಮಂಚದ ಮೇಲೆ ತಿರುಗದಿರುವುದೇ ಕೆಟ್ಟದ್ದು. ಮುನಿರಾಜು ಟವೆಲ್ ಕೊಟ್ಟರು.

ತಪ್ಪು ತಮ್ಮದಿರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಒಂದು ರಿಪೋರ್ಟೂ ವಾಪಸ್ ಬರದವನಿಗೆ ಮೊದಲು ಹೊಳೆಯುವುದು ಪೇಷಂಟಿನ ದೋಷ. ಡಾಕ್ಟರು ಮೊದಲ ಪುಟ ನೋಡಿ ಸಹಿ ಮಾಡಿದರು: ಎರಡೂ ಒಳಗಿವಿಗಳು ತೀರಾ ದುರ್ಬಲ, ಎತ್ತರದ ಕೆಲಸಕ್ಕೆ ಯೋಗ್ಯರಲ್ಲ.

ಹತ್ತು ದಿನದ ನಂತರ ಸಂಜೀವಪ್ಪ ಮತ್ತೆ ಬಂದರು. ಬರುವ ಸೋಮವಾರದಿಂದ ಗೇಟಿಗೆ ಎಂದು ಕಾರ್ಖಾನೆಯಲ್ಲಿ ಹೇಳಿದ್ದರಂತೆ. ಸಮತೋಲಕ್ಕೆ ಏನೋ ವ್ಯಾಯಾಮ ಇದೆಯಂತೆ, ಕಲಿತುಕೊಂಡು ಹೋಗಲು ಬಂದಿದ್ದರು. ಕ್ಲಿನಿಕ್ಕಿನ ಒಳಗೆ ಚಪ್ಪಲಿ ಬೂಟು ಹಾಕುವಂತಿಲ್ಲ. ಮುನಿರಾಜು ನೀರು ಕುಡಿಯಲು ಹೊರಗೆ ಬಂದಾಗ ಸಂಜೀವಪ್ಪ ಹೊರಟು ನಿಂತು ಬೂಟು ಹಾಕಿಕೊಳ್ಳುತ್ತಿದ್ದರು. ಕೂತುಕೊಂಡಿರಲಿಲ್ಲ, ಗೋಡೆ ಹಿಡಿದಿರಲಿಲ್ಲ. ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮಂಡಿಯ ಮೇಲಿಟ್ಟು ಲೇಸು ಕಟ್ಟುತ್ತ, ತಲೆಯನ್ನು ಮಾತ್ರ ಹಿಂದಕ್ಕೆ ತಿರುಗಿಸಿ ರಿಸೆಪ್ಷನ್ನಿನ ಮಜೀದಾ ಜೊತೆ ಮಾತಾಡುತ್ತಿದ್ದರು.

ಮುನಿರಾಜು ಲೋಟ ಹಿಡಿದು ನಿಂತರು. ಎರಡೂ ಒಳಗಿವಿ ಹೋದವರು ಹಾಗೆ ನಿಲ್ಲುವುದಿಲ್ಲ. ಅವರು ಗೋಡೆ ಸವರಿಕೊಂಡು ನಡೆಯುತ್ತಾರೆ.

ಸಂಜೀವಪ್ಪ ಹೋದ ಮೇಲೆ ಮುನಿರಾಜು ಕಂಪ್ಯೂಟರಿನಲ್ಲಿ ಅವರ ರಿಪೋರ್ಟಿನ ಎರಡನೆಯ ಪುಟ ತೆಗೆದರು. ತಲೆ ತಿರುಗಿಸುವ ಪರೀಕ್ಷೆ: ಎಡ, ಬಲ, ಎರಡೂ ಸರಿ. ಮೊದಲ ಪುಟ: ಎರಡೂ ಹೋಗಿದೆ. ಇವೆರಡು ಒಂದೇ ಮನುಷ್ಯನ ತಲೆಯಲ್ಲಿ ಹೀಗಿರುವುದು ಕಷ್ಟ.

“ಮಜೀದಾ, ಆವತ್ತು ನೀರಿನ ಟ್ಯಾಂಕ್ ಬಿಸಿ ಆಗಿತ್ತು ತಾನೇ?”

“ಆಗಿತ್ತಲ್ಲ ಮುನಿರಾಜಣ್ಣ. ನಾನೇ ನೋಡ್ದೆ. ನೀವಿಬ್ರೂ ಒಳಗೆ ದುವಾ ಮಾಡ್ತಾ ಇದ್ರಲ್ಲ, ಆವತ್ತೇ ಅಲ್ವಾ?”

“ಏನು?”

“ಹಾಡ್ತಾ ಇದ್ರಿ ನೀವಿಬ್ರೂ. ಬಾಗ್ಲು ಸಂದಿನಿಂದ ಕೇಳಿಸ್ತು. ಒಳ್ಳೇ ಇತ್ತು ಕಣ್ರೀ. ವೇಟಿಂಗ್‌ನಲ್ಲಿ ಒಬ್ರು ಅಜ್ಜಿ ನಿದ್ದೆ ಹೋಗ್ಬಿಟ್ರು.”

ಮುನಿರಾಜು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಸಹಸ್ರನಾಮವನ್ನು ಬಾಗಿಲಲ್ಲೇ ತಡೆದವರು ಪಂಚಶೀಲವನ್ನು ಕೂರಿಸಿ ಜೊತೆಗೆ ಹಾಡಿದ್ದರು.

ಡಾಕ್ಟರ ಕೋಣೆಗೆ ಹೋಗಿ ನಿಂತರು. ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಬಣ್ಣ ಹಚ್ಚುತ್ತಿದ್ದರು. “ಬಾ ಮುನಿರಾಜು, ನೋಡಿಲ್ಲಿ. ಮುಂದಿನ ತಿಂಗಳು ಕಾನ್ಫರೆನ್ಸ್. ನಿನ್ನ ಕ್ರೇನ್ ಪೇಷಂಟ್ ಸೂಪರ್ ಕೇಸ್. ನೀರಿನ ಟೆಸ್ಟ್ ನಿಲ್, ತಲೆ ಟೆಸ್ಟ್ ನಾರ್ಮಲ್. ವೆರಿ ರೇರ್. ಹನ್ನೊಂದನೇ ಸ್ಲೈಡ್.”

“ಅದನ್ನ ಮತ್ತೆ ಮಾಡ್ಬೇಕು ಸಾರ್.”

“ಯಾಕೆ? ಡೇಟಾ ಈಸ್ ಡೇಟಾ.”

“ಡೇಟಾ ಅಲ್ಲ ಸಾರ್, ಅದು ಪ್ರಾರ್ಥನೆ.”

ನಡೆದದ್ದನ್ನು ಹೇಳಿದರು. ಡಾಕ್ಟರು ಹನ್ನೊಂದನೇ ಸ್ಲೈಡಿನ ಕಡೆ ತಿರುಗಿದರು. ಮಗುವನ್ನು ಹಾಸ್ಟೆಲ್ಲಿಗೆ ಬಿಡುವ ತಂದೆಯ ಮುಖ ಹಾಗಿರುತ್ತದೆ.

“ನೀನಾ, ಮುನಿರಾಜು?” ಎಂದರು.

“ನಾನೇ ಸಾರ್.”

“ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಆ ಮನುಷ್ಯ ಗೇಟಲ್ಲಿ ಕೂತಿರ್ತಾನೆ ಸಾರ್.”

ಸಂಜೀವಪ್ಪನಿಗೆ ಫೋನ್ ಹೋಯಿತು. ಅವರಿಗೆ ಸಂತೋಷವಾಗುತ್ತದೆಂದು ಮುನಿರಾಜು ತಿಳಿದಿದ್ದರು. “ಮತ್ತೆ ಯಾಕ್ರೀ? ಒಂದ್ಸಲ ಹೋಗಿದೆ ಅಂತೀರಿ, ಈಗ ಇರ್ಬೋದು ಅಂತೀರಿ. ಕಿವಿ ಏನು ಬಸ್ಸಾ, ಹೋಗಿ ಬರೋಕೆ?” ಎಂದು ರೇಗಿದರು. ಆದರೂ ಶನಿವಾರ ರಜೆ ಹಾಕಿ ಬಂದರು. ಫ್ರಿಜ್ಜಿನಲ್ಲಿ ಐಸ್ ಇತ್ತು. ಮುನಿರಾಜು ಬಸ್ಸಿನಲ್ಲಿ ಬರುವಾಗ ಹೊಸ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರು.

ಬೆಚ್ಚಗಿನ ನೀರು, ಬಲಗಿವಿ.

“ನಿಮ್ಮ ಷಿಫ್ಟ್‌ನಲ್ಲಿ ಮೀಸೆ ಇರೋರ ಹೆಸರು ಹೇಳಿ.”

ಉತ್ತರವಿಲ್ಲ.

“ಸಂಜೀವಪ್ಪ, ಮಾತಾಡ್ಬೇಕು.”

“ಹೋದ ಸಲ ಮಾತಾಡ್ಸಿ ಕೆಡ್ಸಿದ್ದು ಸಾಲದಾ?”

ಪರದೆಯ ಮೇಲೆ ಕಣ್ಣು ಒಂದೆರಡು ಸಲ ಮಿಡುಕಿ ನಿಂತಿತು. ನೀರಿನ ಪರಿಣಾಮ ಇರುವುದೇ ಒಂದೂವರೆ ನಿಮಿಷ. ಮುನಿರಾಜು ಚೀಟಿಯನ್ನು ಜೇಬಿಗೆ ತುರುಕಿದರು.

“ಸೋಮವಾರ ನಿಮ್ಮನ್ನ ಗೇಟಲ್ಲಿ ಕೂರ್ಸಿದ್ರು ಅನ್ಕೊಳ್ಳಿ. ಮೊದ್ಲು ಏನ್ಮಾಡ್ತೀರಿ?”

ಎರಡು ತಿಂಗಳಿಂದ ಸಂಜೀವಪ್ಪನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ.

“ಗೇಟಲ್ಲಾ…” ಎಂದರು. “ಗೇಟಲ್ಲಿ ಲಾರಿ ನಂಬರ್ ಬರೀಬೇಕು. ನನ್ನ ಕೈಬರಹ ನನಗೇ ಓದಕ್ಕಾಗಲ್ಲ. ಆಮೇಲೆ… ಕಾರು ಬಂದ್ರೆ ಏಳ್ಬೇಕು. ಯಾರ ಕಾರಿಗೆ ಏಳ್ಬೇಕು ಯಾರ್ದಕ್ಕೆ ಬೇಡ, ಅದು ಗೊತ್ತಿಲ್ಲ ನನಗೆ. ತಡೀರಿ, ಮ್ಯಾನೇಜರ್ ಕಾರು ಬಿಳೀದು…”

ಕಣ್ಣು ಓಡತೊಡಗಿತು. ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತೇಳು. ಮುನಿರಾಜು ಉಸಿರಾಡದೆ ನೋಡಿದರು.

ಎರಡನೆಯ ನೀರಿಗೆ ಪ್ರಶ್ನೆ ಬೇಕಾಗಲಿಲ್ಲ.

“ಮೊದ್ಲು ಆರು ವರ್ಷ ಕೆಳಗೇ ಇದ್ದೆ, ಹೆಲ್ಪರ್. ಆಗ ನನಗೆ ಹೆಸರಿರ್ಲಿಲ್ಲ, ‘ಏಯ್’ ಅಷ್ಟೆ. ಒಬ್ಬ ಮೇಸ್ತ್ರಿ ಇದ್ದ. ನಾನು ನೀರಿನ ಕ್ಯಾನ್ ಹತ್ರ ಹೋದ್ರೆ ಬಾಯಲ್ಲಿ ಏನೂ ಅಂತಿರ್ಲಿಲ್ಲ, ಕ್ಯಾನ್ ಎತ್ತಿ ಆ ಕಡೆ ಇಡ್ತಿದ್ದ. ನಾನು ಕ್ರೇನ್ ಕಲ್ತು ಮೇಲೆ ಹತ್ತಿದ ದಿವ್ಸ ಅವನೇ ಕೆಳಗೆ ನಿಂತಿದ್ದ. ಪಕ್ಕದಲ್ಲಿ ನಾಲ್ಕು ಟನ್ ತೂಗ್ತಾ ಇತ್ತು. ಕೈ ಎತ್ತಿ, ‘ಸಂಜೀವಪ್ಪ ಅವ್ರೇ, ನಿಧಾನ’ ಅಂದ. ಹೆಸರು ಗೊತ್ತಿತ್ತು ನೋಡಿ ಅವನಿಗೆ.”

ಇಪ್ಪತ್ತನಾಲ್ಕು.

ಮೂರನೆಯ ನೀರಿಗೆ ಕ್ಯಾಬಿನ್ನಿನಿಂದ ಕಾಣುವುದು ಬರೀ ಹೆಲ್ಮೆಟ್ಟುಗಳು ಎಂಬ ವಿಷಯ ಬಂತು. ಯಾರು ಯಾವ ಬಣ್ಣದ ಹೆಲ್ಮೆಟ್ ಹಾಕುತ್ತಾರೆ, ಹೆಲ್ಮೆಟ್ ನೋಡಿ ಯಾರೆಂದು ಹೇಗೆ ಗುರುತಿಸುವುದು ಎಂದು ಲೆಕ್ಕ ಹಾಕಿ ಹೇಳಿದರು. ಇಪ್ಪತ್ತೈದು. ನಾಲ್ಕನೆಯದಕ್ಕೆ ಬೇಸಿನ್ ಕೇಳಿದರು. ಇಪ್ಪತ್ತೆರಡು. ಐಸಿನ ಅಗತ್ಯ ಬೀಳಲಿಲ್ಲ.

“ಅಯ್ಯೋ, ಎಲ್ಲಾ ತಿರುಗ್ತಾ ಇದೆ ಸಾರ್” ಎಂದು ಸಂಜೀವಪ್ಪ ಬೇಸಿನ್ನಿನೊಳಗೆ ಹೇಳಿದರು.

“ತಿರುಗ್ಲಿ ಬಿಡಿ” ಎಂದರು ಮುನಿರಾಜು, ಅವರ ಬೆನ್ನು ಸವರುತ್ತ. “ಚೆನ್ನಾಗಿ ತಿರುಗ್ತಾ ಇದೆ.”

ಹೊಸ ರಿಪೋರ್ಟ್ ಹೋಯಿತು. ವಿಕ್ರಮ್ ಅವರಿಂದ ಮೂರು ಪ್ಯಾರಾಗ್ರಾಫಿನ ಮೇಲ್ ಬಂತು. ಒಂದೇ ಕ್ಲಿನಿಕ್, ಒಂದೇ ಉದ್ಯೋಗಿ, ಹದಿನೈದು ದಿನದಲ್ಲಿ ಎರಡು ರಿಪೋರ್ಟ್: ಒಂದರಲ್ಲಿ ಎರಡೂ ಕಿವಿ ಇಲ್ಲ, ಇನ್ನೊಂದರಲ್ಲಿ ಎರಡೂ ಇದೆ. ಇವುಗಳಲ್ಲಿ ಯಾವುದನ್ನು ಸಂಸ್ಥೆ ನಂಬಬೇಕು, ದಯವಿಟ್ಟು ಲಿಖಿತವಾಗಿ ಸ್ಪಷ್ಟೀಕರಿಸಿ. ಅಲ್ಲಿಯವರೆಗೆ ಉದ್ಯೋಗಿ ಏಣಿ ಹತ್ತತಕ್ಕದ್ದಲ್ಲ. ಹೆಲ್ಮೆಟ್ ಹಾಕಿಕೊಂಡೇ ಬರೆದದ್ದೆಂದು ಓದಿದರೆ ತಿಳಿಯುತ್ತಿತ್ತು.

ಡಾಕ್ಟರು ಉತ್ತರ ಬರೆಸಿದರು: ‘ತಾಂತ್ರಿಕ ಕಾರಣಗಳಿಂದ ಮೊದಲ ಪರೀಕ್ಷೆಯ ಫಲಿತಾಂಶ ಪರಿಗಣನೆಗೆ ಅರ್ಹವಲ್ಲ.’ ಟೈಪಾಗಿ ಬಂದ ಕಾಗದವನ್ನು ಮುನಿರಾಜು ಎರಡು ಸಲ ಓದಿದರು.

“ತಾಂತ್ರಿಕ ಅಂದ್ರೆ ಆ ಆಫೀಸರು ಮೆಷಿನ್ ಸರಿಯಿಲ್ಲ ಅನ್ಕೋತಾರೆ ಸಾರ್. ಮೆಷಿನ್ ಸರಿಯಿಲ್ಲದಿದ್ರೆ ಎರಡ್ನೇದೂ ನಂಬಲ್ಲ.”

“ಮತ್ತೆ ಏನಂತ ಬರೀತೀಯ?”

ಮುನಿರಾಜು ಅದೇ ಕಾಗದದ ಕೆಳಗೆ ಪೆನ್ನಿನಲ್ಲಿ ಬರೆದರು. ಮೊದಲ ಪರೀಕ್ಷೆಯಲ್ಲಿ ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಬಾಯಿಪಾಠ ಹೇಳಿಸಿದೆ. ಅದರಿಂದ ತಪ್ಪು ಅಂಕಿ ಬಂತು. ಯಂತ್ರ ಸರಿಯಿದೆ, ಅವರ ಕಿವಿಯೂ ಸರಿಯಿದೆ. ಕೆಳಗೆ ತಮ್ಮ ಪೂರ್ತಿ ಹೆಸರು, ಇಪ್ಪತ್ತೆರಡು ವರ್ಷದ ಅನುಭವ ಎಂದು ಬರೆಯಹೊರಟು, ಹೆಸರಿಗೇ ನಿಲ್ಲಿಸಿದರು. ಕೆಮ್ಮಲಿಲ್ಲ.

ಕಾಗದ ನೋಡಿ ಡಾಕ್ಟರು ಮುಖ ಸಿಂಡರಿಸಿದರು. ಆಮೇಲೆ ಏನೋ ಹೊಳೆದು ಮುಂದಕ್ಕೆ ಬಾಗಿದರು. “ಮುನಿರಾಜು, ಪ್ರಾರ್ಥನೆ ಹೇಳಿದ್ರೆ ರೆಸ್ಪಾನ್ಸ್ ಎಷ್ಟು ಪರ್ಸೆಂಟ್ ಇಳೀತು? ಇಪ್ಪತ್ತೈದರಿಂದ ಮೂರಕ್ಕೆ ಅಂದ್ರೆ ಎಂಬತ್ತೆಂಟು. ಇದೂ ರೇರೇ ಕಣಯ್ಯ.” ಹನ್ನೊಂದನೇ ಸ್ಲೈಡ್ ಉಳಿಯಿತು, ತಲೆಬರಹ ಮಾತ್ರ ಬದಲಾಯಿತು.

ವಿಕ್ರಮ್ ಅವರ ಉತ್ತರ ಮರುದಿನ ಬಂತು. ಒಂದೇ ಪದ: ‘ನೋಟೆಡ್’.

ಮುಂದಿನ ಸೋಮವಾರ ಮಧ್ಯಾಹ್ನ ಎರಡು ಪೇಷಂಟುಗಳ ನಡುವೆ ಮುನಿರಾಜು ಟವೆಲ್ ಒಣಗಿಸುತ್ತಿದ್ದಾಗ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಕೆಳಗೆಲ್ಲೋ ಕಬ್ಬಿಣ ಬಡಿಯುವ ಸದ್ದು.

“ಹತ್ತಿದೆ” ಎಂದರು ಸಂಜೀವಪ್ಪ.

“ತಿರುಗ್ತಾ?”

“ಇಲ್ಲ. ಮಂಡಿ ನೋಯ್ತಾ ಇದೆ. ಎರಡು ತಿಂಗಳು ಹತ್ತಿರ್ಲಿಲ್ವಲ್ಲ.”

“ಮಂಡಿ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲಪ್ಪ. ಈಗ ಎಲ್ಲಿದ್ದೀರಿ, ಊಟದ ಟೈಮಲ್ವಾ?”

“ಮೇಲೇ ಇದ್ದೀನಿ.”

“ಊಟ?”

“ಕ್ಯಾರಿಯರ್‌ಗೆ ಹಗ್ಗ ಕಟ್ಟಿ ಮೇಲಕ್ಕೆ ಎಳ್ಕೊಂಡೆ” ಎಂದರು ಸಂಜೀವಪ್ಪ. “ಇವತ್ತು ಇಳಿಯಲ್ಲ.”